ಸ್ಟ್ಯಾಗ್ ಮೈದಾನವಿದ್ದ ಜಾಗದಲ್ಲಿ ಒಂದು ಶನಿವಾರ

ಮಗಳ ಮನೆಯಿರುವ ನೇಪರ್‌ವಿಲ್‌ನಿಂದ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋಗಬೇಕಾದರೆ ಎರಡು ರೈಲು ಹಿಡಿಯಬೇಕು. ಮೊದಲನೆಯದು ಯೂನಿಯನ್ ಸ್ಟೇಷನ್ನಿಗೆ ತಂದು ಇಳಿಸುತ್ತದೆ. ಅಲ್ಲಿಂದ ಊರ ನಡುವೆ ಒಂದು ಮೈಲಿ ನಡೆದು ಮಿಲೇನಿಯಂ ಸ್ಟೇಷನ್ ತಲುಪಿ ದಕ್ಷಿಣದ ಕಡೆಗೆ ಹೋಗುವ ಮೆಟ್ರಾ ಹತ್ತಿದರೆ, ಎಡಗಡೆಗೆ ಮಿಷಿಗನ್ ಸರೋವರ ಕಾಣುತ್ತ, ಮರೆಯಾಗುತ್ತ ಹೈಡ್ ಪಾರ್ಕ್ ಬರುತ್ತದೆ. ಅಕ್ಟೋಬರಿನ ಆ ಶನಿವಾರ ಒಬ್ಬನೇ ಹೊರಟಿದ್ದೆ. "ಅಪ್ಪಾ, ಶಿಕಾಗೊದಲ್ಲಿ ನೋಡುವುದಕ್ಕೆ ಇಷ್ಟೆಲ್ಲ ಇರುವಾಗ ಇಲ್ಲದ ಮೈದಾನ ನೋಡಲು ಹೋಗುತ್ತೀರಲ್ಲ" ಎಂದು ಮಗಳು ಬೆಳಿಗ್ಗೆ ನಕ್ಕಿದ್ದಳು. ಮೂವತ್ತೊಂದು ವರ್ಷ ಮಲೆನಾಡಿನ ಕಾಲೇಜೊಂದರಲ್ಲಿ ಹುಡುಗರಿಂದ ಪಿ.ಡಿ. ಮೇಷ್ಟ್ರು ಎನ್ನಿಸಿಕೊಂಡು, ನಿವೃತ್ತಿಯ ಹಿಂದಿನ ವರ್ಷ ನನ್ನ ಮೈದಾನದ ಅರ್ಧಭಾಗದಲ್ಲಿ ಹೊಸ ಕಟ್ಟಡದ ಪಾಯ ತೋಡುವುದನ್ನು ನಿಂತು ನೋಡಿದವನಿಗೆ, ದೇಶದ ಅಗ್ರ ತಂಡಗಳಲ್ಲಿ ಒಂದಾಗಿದ್ದ ಫುಟ್‌ಬಾಲ್ ತಂಡವನ್ನು ತಾನಾಗಿಯೇ ಮುಚ್ಚಿಬಿಟ್ಟ ವಿಶ್ವವಿದ್ಯಾಲಯವೊಂದಿದೆ ಎಂಬ ಸಂಗತಿ ಬಹುಕಾಲದಿಂದ ಮನಸ್ಸಿನಲ್ಲಿ ಕೂತಿತ್ತು.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಫುಟ್‌ಬಾಲನ್ನಲ್ಲ. ಮೊಟ್ಟೆಯಾಕಾರದ ಆ ಚೆಂಡು ಹೆಚ್ಚು ಹೊತ್ತು ಇರುವುದು ಕೈಯಲ್ಲೇ. ಅದನ್ನು ಎದೆಗವುಚಿಕೊಂಡು ಓಡುವವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ. ಕಬಡ್ಡಿ ಬಲ್ಲವರಿಗೆ ಅದರ ಹಿಡಿತದ ಮರ್ಮ ಬೇಗ ಅರ್ಥವಾಗುತ್ತದೆ, ನಿಯಮಗಳು ಮಾತ್ರ ಸುಲಭಕ್ಕೆ ತಲೆಗೆ ಹತ್ತುವುದಿಲ್ಲ.

ಸ್ಟೇಷನ್ನಿನಿಂದ 57ನೆಯ ಬೀದಿಯನ್ನು ಹಿಡಿದು ಪಶ್ಚಿಮಕ್ಕೆ ನಡೆದರೆ ಪುಸ್ತಕದಂಗಡಿಗಳನ್ನೂ ಇಟ್ಟಿಗೆಯ ಹಳೆಯ ಮನೆಗಳನ್ನೂ ದಾಟಿ ಬೂದುಗಲ್ಲಿನ ಗಾಥಿಕ್ ಗೋಪುರಗಳು ಎದುರಾಗುತ್ತವೆ. ರಾಕ್‌ಫೆಲರರ ಹಣ ಮತ್ತು ಮೊದಲ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರರ ಹಟ, ಇವೆರಡರ ಬಲದಿಂದ ಈ ವಿಶ್ವವಿದ್ಯಾಲಯ 1892ರ ಅಕ್ಟೋಬರಿನಲ್ಲಿ ಪಾಠ ಆರಂಭಿಸಿತು. ಫುಟ್‌ಬಾಲ್ ತಂಡ ಕಣಕ್ಕಿಳಿದದ್ದೂ ಅದೇ ತಿಂಗಳಲ್ಲಿ. ಹಾರ್ಪರ್ ತಾವು ಯೇಲ್‌ನಲ್ಲಿ ಪಾಠ ಹೇಳಿದ್ದ ಏಮೋಸ್ ಅಲಾಂಜೊ ಸ್ಟ್ಯಾಗ್ ಎಂಬ ತರುಣನನ್ನು ಕರೆಸಿ, ದೈಹಿಕ ಶಿಕ್ಷಣಕ್ಕೆಂದೇ ಒಂದು ವಿಭಾಗ ತೆರೆದು, ಉಳಿದ ಪ್ರಾಧ್ಯಾಪಕರಂತೆ ಖಾಯಂ ಹುದ್ದೆಯನ್ನೂ ಕೊಟ್ಟರು. ಕೋಚ್ ಒಬ್ಬನಿಗೆ ಅಂಥ ಸ್ಥಾನ ಸಿಕ್ಕಿದ್ದು ಆ ದೇಶದಲ್ಲೇ ಹೊಸದು. (ನಮ್ಮಲ್ಲಿ ಪಿ.ಡಿ.ಯ ಕುರ್ಚಿ ಸ್ಟಾಫ್ ರೂಮಿನ ಬಾಗಿಲ ಪಕ್ಕದಲ್ಲೇ ಇರುತ್ತದೆ ಎಂಬುದನ್ನು ಬಲ್ಲವರು ಬಲ್ಲರು.) ಮೊದಲ ವರ್ಷ ಆಟಗಾರರು ಸಾಲದೆ ಸ್ಟ್ಯಾಗ್ ತಾವೇ ತಂಡದಲ್ಲಿ ಆಡಿದರು. ಜವಳಿ ವ್ಯಾಪಾರದಲ್ಲಿ ಹೆಸರಾದ ಮಾರ್ಷಲ್ ಫೀಲ್ಡ್ ಕೊಟ್ಟ ನೆಲದಲ್ಲಿ ಮೈದಾನ ಸಿದ್ಧವಾಯಿತು. ಮುಂದೆ ಅದು ಸ್ಟ್ಯಾಗ್ ಫೀಲ್ಡ್ ಆಯಿತು.

ಯೂನಿವರ್ಸಿಟಿ ಅವೆನ್ಯೂವಿನಲ್ಲಿರುವ ಬಾರ್ಟ್‌ಲೆಟ್ ಕಟ್ಟಡದ ಮುಂದೆ ಸ್ವಲ್ಪ ಹೊತ್ತು ನಿಂತೆ. 1904ರಲ್ಲಿ ವ್ಯಾಯಾಮಶಾಲೆಯೆಂದು ಕಟ್ಟಿದ ಇದು ಈಗ ವಿದ್ಯಾರ್ಥಿಗಳ ಊಟದ ಮನೆ. ಸ್ಟ್ಯಾಗ್ ಯುಗದ ಉಚ್ಛ್ರಾಯ ಸ್ಥಿತಿ ಈ ಕಟ್ಟಡ ತೆರೆದ ಆಸುಪಾಸಿನದು. 1905ರ ಥ್ಯಾಂಕ್ಸ್‌ಗಿವಿಂಗ್ ದಿನ, 56 ಪಂದ್ಯಗಳಿಂದ ಸೋಲನ್ನೇ ಕಾಣದಿದ್ದ ಮಿಷಿಗನ್ ತಂಡವನ್ನು ಶಿಕಾಗೊ ಸೋಲಿಸಿದ್ದು 2–0 ಅಂತರದಲ್ಲಿ. ಆ ಎರಡು ಅಂಕ ಬಂದದ್ದು ಚೆಂಡು ಹಿಡಿದಿದ್ದ ಮಿಷಿಗನ್ ಆಟಗಾರನೊಬ್ಬನನ್ನು ಅವನ ಗೋಲು ಗೆರೆಯ ಹಿಂದೆಯೇ ಕೆಡವಿದ್ದರಿಂದ. ಅಲ್ಲಿಯವರು ಇದಕ್ಕೆ 'ಸೇಫ್ಟಿ' ಎನ್ನುತ್ತಾರೆ. ಆ ದಿನ ಶಿಕಾಗೊದ ಪರ ಆಡಿದ ವಾಲ್ಟರ್ ಎಕರ್ಸಾಲ್ ಊರಿನ ಕಣ್ಮಣಿಯಾದರು, ಆದರೆ ಪದವಿಯನ್ನು ಮಾತ್ರ ಎಂದೂ ಪಡೆಯಲಿಲ್ಲ. ಮುಂದೆ ಬಂದ ಜಗಳದ ಬೀಜವನ್ನು ನಾನು ಇಲ್ಲಿಯೇ ಕಾಣುತ್ತೇನೆ.

ಇಂದು 'ಬಿಗ್ ಟೆನ್' ಎಂದು ಕರೆಸಿಕೊಳ್ಳುವ ವಿಶ್ವವಿದ್ಯಾಲಯಗಳ ಕೂಟವನ್ನು 1896ರಲ್ಲಿ ಕಟ್ಟಿದವರಲ್ಲಿ ಶಿಕಾಗೊವೂ ಒಂದು. ಆ ಕೂಟದ ಪ್ರಶಸ್ತಿಯನ್ನು ಕೊನೆಯ ಬಾರಿ ಗೆದ್ದದ್ದು 1924ರಲ್ಲಿ. 'ಮಾನ್‌ಸ್ಟರ್ಸ್ ಆಫ್ ದ ಮಿಡ್‌ವೇ' ಎಂಬ ಬಿರುದು ಈಗ ವೃತ್ತಿಪರ ತಂಡವಾದ ಶಿಕಾಗೊ ಬೇರ್ಸ್‌ನದೆಂದು ಎಲ್ಲರೂ ತಿಳಿದಿದ್ದಾರೆ, ಆದರೆ ಮೊದಲು ಅದು ವಿಶ್ವವಿದ್ಯಾಲಯದ ಹುಡುಗರದು. ಮಿಡ್‌ವೇ ಎಂದರೆ ಕ್ಯಾಂಪಸ್ಸಿನ ದಕ್ಷಿಣದ ಉದ್ದನೆಯ ಹುಲ್ಲುಹಾಸು. ಸ್ವಾಮಿ ವಿವೇಕಾನಂದರು ಶಿಕಾಗೊಗೆ ಬಂದ 1893ರ ವಿಶ್ವಮೇಳದಲ್ಲಿ ಮೊತ್ತಮೊದಲ ಫೆರಿಸ್ ಚಕ್ರ ತಿರುಗಿದ್ದು ಅಲ್ಲಿಯೇ.

ಹಾಗಿದ್ದ ತಂಡ ಹದಿನೈದೇ ವರ್ಷಗಳಲ್ಲಿ ಹೇಗೆ ಮುಚ್ಚಿತು? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ ಹೆಸರಿನದು: ರಾಬರ್ಟ್ ಮೇನಾರ್ಡ್ ಹಚಿನ್ಸ್. 1929ರಲ್ಲಿ, ಮೂವತ್ತರ ಹರೆಯದಲ್ಲಿ ಅಧ್ಯಕ್ಷರಾಗಿ ಬಂದ ಇವರು ಪದವಿ ವ್ಯಾಸಂಗವನ್ನು ಸಮಗ್ರ ಪರೀಕ್ಷೆಗಳ ಬಿಗಿ ಚೌಕಟ್ಟಿಗೆ ತಂದರು. ಎಪ್ಪತ್ತು ತುಂಬಿದ ಸ್ಟ್ಯಾಗರಿಗೆ ವಯಸ್ಸಿನ ನಿಯಮ ತೋರಿಸಿ 1932ರ ಋತುವಿನ ಬಳಿಕ ನಿವೃತ್ತಿಗೊಳಿಸಿದರು. ನಲವತ್ತೊಂದು ಋತು ಒಂದೇ ಕಡೆ ದುಡಿದ ಆ ಮನುಷ್ಯ ಮನೆಯಲ್ಲಿ ಕೂರದೆ ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದ ಪೆಸಿಫಿಕ್‌ಗೆ ಕೋಚ್ ಆಗಿ ಹೋದರು. 1938ರಲ್ಲಿ ತಮ್ಮದೇ ಹೆಸರಿನ ಮೈದಾನಕ್ಕೆ ಆ ತಂಡವನ್ನು ಕರೆತಂದು ಶಿಕಾಗೊವನ್ನು 32–0 ಅಂತರದಲ್ಲಿ ಸೋಲಿಸಿದರು. 102 ವರ್ಷ ಬಾಳಿ 1965ರಲ್ಲಿ ತೀರಿಕೊಂಡ ಸ್ಟ್ಯಾಗರ ಬದುಕಿನಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಸಂಗ ಇದು ಎಂದರೆ, ಅದರಲ್ಲಿ ಪಿ.ಡಿ. ಮೇಷ್ಟ್ರುಗಳ ಕುಲದ ಪಕ್ಷಪಾತ ಇದೆಯೆಂದು ಒಪ್ಪಿಕೊಳ್ಳುತ್ತೇನೆ.

ಕಾಲೇಜು ಫುಟ್‌ಬಾಲ್ ಗೇಟಿನ ದುಡ್ಡಿಗೆ ಮಾರುಹೋಗಿದೆಯೆಂದು ಹಚಿನ್ಸ್ 1938ರಲ್ಲಿ ಜನಪ್ರಿಯ ವಾರಪತ್ರಿಕೆಯೊಂದರಲ್ಲಿ ಬಹಿರಂಗವಾಗಿಯೇ ಬರೆದರು. ವಾದ ಸರಿಯಾದದ್ದೇ. ಆದರೆ ತತ್ತ್ವಕ್ಕಿಂತ ಮೊದಲು ಸೋಲು ಬಂದಿತ್ತೆಂಬುದನ್ನು ಮರೆಯಬಾರದು. ಬೇರೆ ವಿಶ್ವವಿದ್ಯಾಲಯಗಳು ಬಲಿಷ್ಠ ಹುಡುಗರನ್ನು ಸುಲಭದ ಪದವಿಗಳಿಗೆ ಸೇರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಇಲ್ಲಿ ಅಂಥ ಪದವಿಯೇ ಇರಲಿಲ್ಲ. ಪದವಿ ತರಗತಿಯ ಹುಡುಗರ ಸಂಖ್ಯೆಯೂ ಎದುರಾಳಿಗಳಿಗೆ ಹೋಲಿಸಿದರೆ ಚಿಕ್ಕದು. 1939ರ ಪಟ್ಟಿಯನ್ನು ನಾನು ಡೈರಿಯಲ್ಲಿ ಬರೆದುಕೊಂಡು ಹೋಗಿದ್ದೆ: ಹಾರ್ವರ್ಡ್ ವಿರುದ್ಧ 61–0, ಮಿಷಿಗನ್ ವಿರುದ್ಧ 85–0, ವರ್ಜೀನಿಯಾ ವಿರುದ್ಧ 47–0, ಒಹಾಯೊ ಸ್ಟೇಟ್ ವಿರುದ್ಧ 61–0, ಇಲಿನಾಯ್ ವಿರುದ್ಧ 46–0, ಎಲ್ಲದರಲ್ಲಿಯೂ ಸೊನ್ನೆ ಶಿಕಾಗೊದ್ದು. ಗೆದ್ದದ್ದು ವಾಬಾಷ್, ಓಬರ್ಲಿನ್ ಎಂಬ ಎರಡು ಚಿಕ್ಕ ಕಾಲೇಜುಗಳ ಮೇಲೆ ಮಾತ್ರ. ಆ ವರ್ಷ ಡಿಸೆಂಬರ್ 21ರಂದು, ಕ್ರಿಸ್ಮಸ್ಸಿಗೆ ನಾಲ್ಕು ದಿನವಿರುವಾಗ, ಆಡಳಿತ ಮಂಡಳಿ ಅಂತರ ಕಾಲೇಜು ಫುಟ್‌ಬಾಲನ್ನು ನಿಲ್ಲಿಸುವ ನಿರ್ಣಯ ಕೈಗೊಂಡಿತು. 1924ರ ಹಾಗೆ ಗೆಲ್ಲುತ್ತಿದ್ದ ತಂಡವಾಗಿದ್ದರೆ ಯಾವ ಅಧ್ಯಕ್ಷನ ಯಾವ ಲೇಖನವೂ ಅದನ್ನು ಮುಚ್ಚಿಸುತ್ತಿರಲಿಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕೋಚ್ ಕ್ಲಾರ್ಕ್ ಶಾನೆಸಿ ದಡ್ಡರೇನೂ ಆಗಿರಲಿಲ್ಲ. ಮರುವರ್ಷವೇ ಸ್ಟ್ಯಾನ್‌ಫೋರ್ಡ್‌ಗೆ ಹೋಗಿ ಆ ತಂಡವನ್ನು ಒಂದೂ ಪಂದ್ಯ ಸೋಲದಂತೆ ನಡೆಸಿ ರೋಸ್ ಬೌಲ್ ಗೆಲ್ಲಿಸಿದರು.

ನಡೆಯುತ್ತ ಎಲಿಸ್ ಅವೆನ್ಯೂವಿಗೆ ಬಂದಿದ್ದೆ. ಮೈದಾನವಿದ್ದ ನೆಲದ ಮೇಲೆ ಈಗ 1970ರಲ್ಲಿ ತೆರೆದ ರೆಗೆನ್‌ಸ್ಟೈನ್ ಗ್ರಂಥಾಲಯವೂ ಅದರ ಮಗ್ಗುಲಿಗೆ ಗಾಜಿನ ಗುಮ್ಮಟದ ಮನ್ಸ್ವೇಟೊ ಗ್ರಂಥಾಲಯವೂ ನಿಂತಿವೆ. ಬೀದಿಯ ಬದಿಯಲ್ಲಿ ಹೆನ್ರಿ ಮೂರ್ ಮಾಡಿದ, ಎರಡಾಳಿಗಿಂತ ಎತ್ತರದ ಕಂಚಿನ ಶಿಲ್ಪ ಇದೆ; ಒಂದು ಕಡೆಯಿಂದ ನೋಡಿದರೆ ತಲೆಬುರುಡೆ, ಇನ್ನೊಂದು ಕಡೆಯಿಂದ ಅಣಬೆಯಾಕಾರದ ಮೋಡ. ಆಟ ನಿಂತ ಮೇಲೆ ಬರಿದಾಗಿದ್ದ ಪಶ್ಚಿಮ ಗ್ಯಾಲರಿಯ ಕೆಳಗಿನ ಅಂಗಣದಲ್ಲಿ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಗ್ರಾಫೈಟ್ ಇಟ್ಟಿಗೆಗಳನ್ನೂ ಯುರೇನಿಯಮ್ಮನ್ನೂ 57 ವರಸೆಗಳಲ್ಲಿ ಪೇರಿಸಿ, 1942ರ ಡಿಸೆಂಬರ್ 2ರ ಮಧ್ಯಾಹ್ನ ಮೂರೂವರೆಯ ಸುಮಾರಿಗೆ ಮನುಷ್ಯ ನಿಯಂತ್ರಿತ ಪರಮಾಣು ಸರಣಿ ಕ್ರಿಯೆಯನ್ನು ಮೊದಲ ಬಾರಿಗೆ ನಡೆಸಿದರು. ಹುಟ್ಟಿದ ಶಕ್ತಿ ಅರ್ಧ ವ್ಯಾಟ್ ಮಾತ್ರ. ಈ ಕೆಲಸ ಮೊದಲು ಊರಾಚೆಯ ಆರ್ಗಾನ್ ಕಾಡಿನಲ್ಲಿ ನಡೆಯಬೇಕಾಗಿತ್ತು. ಕಾರ್ಮಿಕರ ಮುಷ್ಕರದಿಂದ ಅಲ್ಲಿನ ಕಟ್ಟಡ ತಡವಾದಾಗ ಹೊಣೆ ಹೊತ್ತಿದ್ದ ಆರ್ಥರ್ ಕಾಂಪ್ಟನ್, ಜನ ತುಂಬಿದ ಊರಿನ ನಡುವಿನ ಈ ಗ್ಯಾಲರಿಯಲ್ಲೇ ನಡೆಸಲು ಒಪ್ಪಿದರು. ಅದಕ್ಕೆ ಅಧ್ಯಕ್ಷ ಹಚಿನ್ಸರ ಅನುಮತಿಯನ್ನು ಅವರು ಕೇಳಲಿಲ್ಲ. ಕಾನೂನು ಓದಿದವರಿಗೆ ಈ ಅಪಾಯದ ಲೆಕ್ಕ ತಿಳಿಯದೆಂಬುದು ಅವರ ಸಮಜಾಯಿಷಿ. ಚೆಂಡಾಟವು ವಿದ್ಯೆಗೆ ಅಡ್ಡಿಯೆಂದು ತೀರ್ಮಾನಿಸಿದ ಅಧ್ಯಕ್ಷರು, ಅದೇ ಮೈದಾನದಲ್ಲಿ ಮೂರು ವರ್ಷದ ಬಳಿಕ ನಡೆದ ಕೆಲಸದ ಬಗ್ಗೆ ತೀರ್ಮಾನಿಸುವ ಪ್ರಶ್ನೆಯೇ ಏಳಲಿಲ್ಲ. ಆ ಗ್ಯಾಲರಿಯನ್ನು 1957ರಲ್ಲಿ ಕೆಡವಿದರು.

ರೆಗೆನ್‌ಸ್ಟೈನ್‌ನ ಒಳಗೆ ದಕ್ಷಿಣ ಏಷ್ಯಾದ ಭಾಷೆಗಳ ದೊಡ್ಡ ಸಂಗ್ರಹವಿದೆ, ಕನ್ನಡದ ಪುಸ್ತಕಗಳೂ ಇವೆ. ಹೊರಗಿನವರು ಅನುಮತಿ ಪಡೆದೇ ಹೋಗಬೇಕು, ನಾನು ಮೊದಲೇ ವಿಚಾರಿಸಿರಲಿಲ್ಲ, ತಪ್ಪು ನನ್ನದೇ. ಬಾಗಿಲಲ್ಲಿ ನಿಂತು ಎ.ಕೆ. ರಾಮಾನುಜನ್ ಅವರನ್ನು ನೆನೆದೆ. ಮೈಸೂರಿನಲ್ಲಿ ಹುಟ್ಟಿದ, ನಮ್ಮ ವಚನಗಳನ್ನು ಇಂಗ್ಲಿಷಿಗೆ ಕೊಟ್ಟ ಆ ಕವಿ 1993ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕ ಇಲ್ಲಿ ಪಾಠ ಹೇಳಿದರು. ಅವರು ಅರವತ್ತರ ದಶಕದ ಆರಂಭದಲ್ಲಿ ಬಂದಾಗ ಈ ಗ್ರಂಥಾಲಯ ಇರಲಿಲ್ಲ. ಇಲ್ಲಿ ಪಾಳು ಬೀಳುತ್ತಿದ್ದ ಮೈದಾನವಿತ್ತು.

ಆ ಮೈದಾನದಲ್ಲಿ ಆಗ ಒಂದು ವಿಚಿತ್ರ ಗಲಾಟೆಯೂ ಆಯಿತು. 1963ರಲ್ಲಿ ಫುಟ್‌ಬಾಲನ್ನು ಒಂದು 'ತರಗತಿ'ಯ ಹೆಸರಿನಲ್ಲಿ ಮೆಲ್ಲಗೆ ಮರಳಿ ತಂದಾಗ, ಆಟದ ನಡುವೆ ವಿದ್ಯಾರ್ಥಿಗಳೇ ಮೈದಾನಕ್ಕೆ ನುಗ್ಗಿ ಕುಳಿತು ಧರಣಿ ಹೂಡಿದರು. ಎದುರು ಆಡಲು ಬಂದಿದ್ದವರು ನೇಪರ್‌ವಿಲ್‌ನ ನಾರ್ತ್ ಸೆಂಟ್ರಲ್ ಕಾಲೇಜಿನವರು. ಮಗಳ ಮನೆಯಿಂದ ರೈಲ್ವೆ ಸ್ಟೇಷನ್ನಿಗೆ ಬರುವಾಗ ದಿನವೂ ನೋಡುವ ಕಾಲೇಜು ಅದು. ಆಟ ಬೇಕೆಂದು ಧರಣಿ ಕೂತ ಹುಡುಗರನ್ನು ಎಷ್ಟೋ ಸಲ ಸಮಾಧಾನಪಡಿಸಿದ್ದೇನೆ, ಆಟ ಬೇಡವೆಂದು ಕೂತವರನ್ನು ಎಂದೂ ಕಂಡಿಲ್ಲ. ಆದರೂ 1969ರಲ್ಲಿ ತಂಡ ಅಧಿಕೃತವಾಗಿ ಮರಳಿತು. ಈಗ ಆಡುವುದು ಮೂರನೆಯ ಡಿವಿಷನ್ನಿನಲ್ಲಿ. ಅಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನವಿಲ್ಲ.

ಮುಂದೆ ರಾಟ್ನರ್ ಕ್ರೀಡಾ ಕೇಂದ್ರದಲ್ಲಿ ಜೇ ಬರ್‌ವಾಂಗರ್ ಅವರ ಕಂಚಿನ ಪ್ರಶಸ್ತಿ ನೋಡಿದೆ. ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ, ಇಂದು ಹೈಸ್ಮನ್ ಟ್ರೋಫಿ ಎನ್ನುವ ಗೌರವದಲ್ಲಿ ಮೊಟ್ಟಮೊದಲನೆಯದು ಇದು, 1935ರದ್ದು. ಆ ವರ್ಷ ಶಿಕಾಗೊ ನಾಲ್ಕು ಪಂದ್ಯ ಗೆದ್ದು ನಾಲ್ಕು ಸೋತಿತ್ತು. ಮರುವರ್ಷ ವೃತ್ತಿಪರ ತಂಡಗಳ ಮೊದಲ ಆಯ್ಕೆ ಪಟ್ಟಿಯಲ್ಲಿ ಮೊದಲ ಹೆಸರೂ ಬರ್‌ವಾಂಗರರದೇ ಆಗಿತ್ತು. ಸಂಬಳದ ಮಾತು ಕುದುರದೆ ಅವರು ವೃತ್ತಿಪರ ಆಟ ಆಡಲೇ ಇಲ್ಲ. 1934ರ ಪಂದ್ಯದಲ್ಲಿ ಇವರನ್ನು ಕೆಡವಲು ಹೋಗಿ ಎಡಗಣ್ಣಿನ ಕೆಳಗೆ ಗಾಯದ ಗುರುತು ಪಡೆದ ಮಿಷಿಗನ್ ಹುಡುಗನ ಹೆಸರು ಜೆರಾಲ್ಡ್ ಫೋರ್ಡ್. ಅಮೆರಿಕದ ಅಧ್ಯಕ್ಷರಾದಾಗಲೂ ಅದು ಅವರ ಮುಖದಲ್ಲಿತ್ತು.

ಹೊಸ ಸ್ಟ್ಯಾಗ್ ಫೀಲ್ಡ್ ಇರುವುದು ಕಾಟೇಜ್ ಗ್ರೋವ್ ಬೀದಿಯ ಅಂಚಿನಲ್ಲಿ. ಹಳೆಯ ಮೈದಾನದ ಕಲ್ಲಿನ ಹೆಬ್ಬಾಗಿಲಿನ ಒಂದು ಭಾಗವನ್ನು ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ಐವತ್ತು ಸಾವಿರ ಜನ ಸೇರುತ್ತಿದ್ದ ಮೈದಾನದ ಬಾಗಿಲು ಇಷ್ಟು ಚಿಕ್ಕ ಗ್ಯಾಲರಿಯ ಪಕ್ಕದಲ್ಲಿ, ತೇರಿಲ್ಲದ ಊರಿನ ತೇರಿನ ಮನೆಯಂತೆ ಕಂಡಿತು. ಆಟ ನಡೆಯುತ್ತಿತ್ತು. ಅಮ್ಮ ಅಪ್ಪಂದಿರು ಕಂಬಳಿ ಹೊದ್ದು ಕೂತಿದ್ದರು. ಹಿಂದಿನ ಸಾಲಿನಲ್ಲಿ ಹುಡುಗಿಯೊಬ್ಬಳು ತೊಡೆಯ ಮೇಲೆ ದಪ್ಪ ಪುಸ್ತಕವಿಟ್ಟುಕೊಂಡು, ಜನ ಕೂಗಿದಾಗ ಮಾತ್ರ ತಲೆಯೆತ್ತುತ್ತಿದ್ದಳು. ಕೆಂಗಂದು ಅಂಗಿಯ ಹುಡುಗನೊಬ್ಬ ಚೆಂಡು ಹಿಡಿದು ಮೂವರನ್ನು ತಪ್ಪಿಸಿ ಓಡಿದಾಗ ನಾನೂ ಎದ್ದು ನಿಂತಿದ್ದೆನೆಂಬುದು ಪಕ್ಕದವರು ನಕ್ಕಾಗಲೇ ಗೊತ್ತಾಯಿತು.

ರೈಲಿನ ಹೊತ್ತಾಯಿತೆಂದು ಮೂರನೆಯ ಕ್ವಾರ್ಟರಿನ ಕೊನೆಯಲ್ಲಿ ಹೊರಟೆ. ನೇಪರ್‌ವಿಲ್‌ನಲ್ಲಿ ಇಳಿಯುವಾಗ ಕತ್ತಲಾಗಿತ್ತು. ಕಾರಿನ ಬಾಗಿಲು ತೆಗೆಯುತ್ತ ಮಗಳು, "ಯಾರು ಗೆದ್ದರಪ್ಪಾ?" ಎಂದಳು.

"ಗೊತ್ತಿಲ್ಲಮ್ಮ. ನಾನು ಎದ್ದು ಬರುವಾಗ ಶಿಕಾಗೊ ಏಳು ಪಾಯಿಂಟು ಮುಂದಿತ್ತು" ಎಂದೆ.