ವಾಶ್‌ಔಟ್‌ಗೂ ಸ್ಲಾಟ್ ಬೇಕು
ಫಿಂಗೋಲಿಮೋಡ್ ಎಂಬ ಔಷಧ ಕೊಟ್ಟಾಗ, ಎಸ್‌1ಪಿ ಎಂಬ ಕೊಬ್ಬಿನ ಸಂಕೇತ ಅಣುವನ್ನು ಗುರುತಿಸುವ ಎಸ್‌1ಪಿ1 ಗ್ರಾಹಕ ಕೋಶದ ಹೊರಪೊರೆಯಿಂದ ಒಳಗೆ ಸರಿಯುತ್ತದೆ ಎಂಬುದು ನಮ್ಮ ಪ್ರಯೋಗಾಲಯದಲ್ಲಿ ಯಾರಿಗೂ ಹೊಸತಲ್ಲ. ಅದು ಒಳಗೆ ಹೋದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆಯೇ ವಾದ ಎದ್ದದ್ದು. ವಾರದ ಸಭೆಯಲ್ಲಿ ತೋರಿಸಿದ ಚಿತ್ರಗಳಲ್ಲಿ, ದೇಹದ್ದೇ ಆದ ಎಸ್‌1ಪಿ ಹಾಕಿದ ಹೆಕ್ 293 ಕೋಶಗಳೂ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳು) ಔಷಧದ ಫಾಸ್ಫೇಟ್ ರೂಪ ಹಾಕಿದ ಕೋಶಗಳೂ ಒಂದು ಗಂಟೆಯ ಹೊತ್ತಿಗೆ ಒಂದೇ ರೀತಿ ಕಂಡವು: ಹಸಿರಾಗಿ ಹೊಳೆಯುವ ಗುರುತು ಹಾಕಿದ ಗ್ರಾಹಕದಿಂದ ಮೂಡಿದ್ದ ಅಂಚಿನ ಹಸಿರು ಗೆರೆ ಅಳಿಸಿಹೋಗಿ ಒಳಗೆಲ್ಲ ಹಸಿರು ಚುಕ್ಕೆಗಳು ತುಂಬಿದ್ದವು. ಎರಡರ ಪರಿಣಾಮವೂ ಒಂದೇ ಎಂದು ಸ್ಲೈಡ್‌ನಲ್ಲಿ ಬರೆದಾಗಿತ್ತು. ನನಗೂ ಆಗ ಅದು ಸರಿಯೆಂದೇ ತೋರಿತ್ತು.

ಆದರೆ ಪರಿಣಾಮ ಒಂದೇ ಆಗಿದ್ದರೆ ಈ ವಸ್ತು 2010ರಲ್ಲಿ ಅಮೆರಿಕದಲ್ಲಿ ದೇಹದ ರೋಗನಿರೋಧಕ ಕೋಶಗಳೇ ನರವ್ಯೂಹದ ಮೇಲೆ ದಾಳಿ ಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಗತಿಯನ್ನೇ ಬದಲಿಸುವ, ಬಾಯಿಯಿಂದ ಸೇವಿಸುವ ಮೊದಲ ಔಷಧವಾಗಿ ಅನುಮೋದನೆ ಪಡೆಯುವ ಸಂಭವವೇ ಇರಲಿಲ್ಲ. ರಕ್ತದಲ್ಲಿ ಎಸ್‌1ಪಿ ಹೆಚ್ಚಿರುವುದರಿಂದ ಅಲ್ಲಿ ಓಡಾಡುವ ಲಿಂಫೋಸೈಟ್‌ಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಗ್ರಾಹಕ ಒಳಸರಿದೇ ಇರುತ್ತದೆ. ಎಸ್‌1ಪಿ ಕಡಿಮೆಯಿರುವ ದುಗ್ಧಗ್ರಂಥಿಯನ್ನು ಅವು ಹೊಕ್ಕಾಗ ಗ್ರಾಹಕ ಮತ್ತೆ ಮೇಲೆ ಬಂದು ಹೊರಡುವ ದಾರಿ ತೋರುತ್ತದೆ. ಔಷಧ ಕೆಡಿಸುವುದು ಈ ಮರಳುವಿಕೆಯನ್ನು. ಹೀಗಾಗಿ ಲಿಂಫೋಸೈಟ್‌ಗಳು ಸಾಯದೆ, ಗ್ರಂಥಿಯಲ್ಲೇ ಉಳಿಯುತ್ತವೆ.

ಗ್ರಾಹಕ ಮರಳುತ್ತದೆಯೇ ಎಂದು ನೋಡಬೇಕಾದರೆ ವಾಶ್‌ಔಟ್ ಮಾಡಿ, ಅಂದರೆ ಹಾಕಿದ ವಸ್ತುವನ್ನು ತೊಳೆದು ತೆಗೆದು, ಕಾಯಲೇಬೇಕು. ಕೋಶಗಳಿಗೆ ಹಾಕುವ ಮಾಮೂಲಿ ಸೀರಂನಲ್ಲೇ ಎಸ್‌1ಪಿ ಇರುವುದರಿಂದ ಅದನ್ನು ತೆಗೆದ ಸ್ಟ್ರಿಪ್ಡ್ ಸೀರಂ ಬಳಸಿ, ಹೊಸ ಗ್ರಾಹಕ ತಯಾರಾಗದಂತೆ ಸೈಕ್ಲೋಹೆಕ್ಸಿಮೈಡ್ ಹಾಕಿ, ಎಸ್‌1ಪಿಯಾಗಲಿ ಔಷಧವಾಗಲಿ ಕೊಡದ ಮೂರನೆಯ ಡಿಶ್ ಅನ್ನೂ ಪಕ್ಕದಲ್ಲಿಟ್ಟು ಕಾನ್ಫೋಕಲ್ ಸೂಕ್ಷ್ಮದರ್ಶಕದ ಮುಂದೆ ಕುಳಿತೆವು. ಬುಕಿಂಗ್ ವ್ಯವಸ್ಥೆ ಕೊಡುವುದು ಎರಡು ಗಂಟೆಯ ಸ್ಲಾಟ್; ಫಿಕ್ಸ್ ಮಾಡಿದ (ರಾಸಾಯನಿಕದಿಂದ ಸ್ಥಿರಗೊಳಿಸಿದ) ಕೋಶಗಳ ಸ್ಲೈಡ್‌ಗಳಿಗೆ ಅದು ಧಾರಾಳವಾದರೂ ಜೀವಂತ ಕೋಶಗಳಿಗೆ ಏನೇನೂ ಸಾಲದು ಎಂದು ಎಷ್ಟು ಬರೆದುಕೊಟ್ಟರೂ ಆಡಳಿತ ಕೇಳಿಸಿಕೊಂಡಿಲ್ಲ. ಮುಂದಿನವರು ಬಾಗಿಲಲ್ಲಿ ನಿಂತಿದ್ದರು. ತೊಳೆದು ಬಹಳ ಹೊತ್ತಾಗಿದ್ದರೂ ಎಸ್‌1ಪಿ ಮತ್ತು ಔಷಧದ ಎರಡೂ ಡಿಶ್‌ಗಳಲ್ಲಿ ಚುಕ್ಕೆಗಳು ಮಾತ್ರ ಕಾಣುತ್ತಿದ್ದುದರಿಂದ, ಸಭೆಯ ಸ್ಲೈಡ್‌ನ ಮಾತೇ ನಿಜವಿರಬೇಕೆಂದು ಜೊತೆಯಲ್ಲಿದ್ದವರು ಸಾಮಾನು ಜೋಡಿಸತೊಡಗಿದರು. ಮುಂದಿನವರನ್ನು ವಿನಂತಿಸಿ ನಾವು ಅವರ ಸ್ಲಾಟ್ ಪಡೆದೆವು. ಅವರಿಗೆ ನಾನು ಇಂದಿಗೂ ಋಣಿ.

ಎಸ್‌1ಪಿ ಡಿಶ್‌ನಲ್ಲಿ ಅಂಚಿನ ಗೆರೆ ಮೊದಲು ತುಂಡುತುಂಡಾಗಿ, ಆಮೇಲೆ ಸುತ್ತಲೂ ಮೂಡಿತು. ಔಷಧದ ಡಿಶ್‌ನಲ್ಲಿ ಅದು ಮೂಡಲೇ ಇಲ್ಲ. ಒಳಗಿನ ಹಸಿರೂ ಕ್ರಮೇಣ ಕ್ಷೀಣಿಸಿತು. ಲೇಸರ್‌ಗೆ ಬಣ್ಣ ಮಾಸಿರಬಹುದೇ ಎಂಬ ಅನುಮಾನ ಕೂಡಲೇ ಬಂತು. ಆದರೆ ಅಷ್ಟೇ ಬೆಳಕು ಉಂಡ ಮೂರನೆಯ ಡಿಶ್ ಮಾಸಿರಲಿಲ್ಲ. ಔಷಧ ಅಂಟಿದ ಗ್ರಾಹಕಕ್ಕೆ ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನಿನ ಸರಪಳಿ ಸೇರಿ ಅದು ವಿಘಟನೆಗೆ ಹೋಗುತ್ತದೆ ಎಂದು ಓದಿದ್ದಕ್ಕೂ, ಅದು ಪರದೆಯ ಮೇಲೆ ಇಲ್ಲವಾಗುವುದನ್ನು ನೋಡುವುದಕ್ಕೂ ಬಹಳ ಅಂತರವಿದೆ.

ಸ್ಲೈಡ್ ಬದಲಾಗಿದೆ. ಈಗ ಹೊಸಬರಿಗೆ ಪ್ರೋಟೋಕಾಲ್ ಕೊಡುವಾಗ ವಾಶ್‌ಔಟ್‌ನ ನಂತರದ ಹೊತ್ತನ್ನೂ ಸೇರಿಸಿ, ಒಂದರ ಹಿಂದೊಂದು ಸ್ಲಾಟ್‌ಗಳನ್ನು ಮೊದಲೇ ಬುಕ್ ಮಾಡಿಸುತ್ತೇನೆ. ಬುಕಿಂಗ್ ನಿಯಮ ಮಾತ್ರ ಹಾಗೆಯೇ ಇದೆ.