ಮಡಚಿದ ಕಿವಿ ಯಾವ ಕಡೆದು?

ಸಾಕುನಾಯಿಗಳ ಫೋಟೊ ತೆಗೆಯುವುದು ನನ್ನ ಕೆಲಸ. ನಿಜ ಹೇಳಬೇಕೆಂದರೆ ತೆಗೆಯುವುದಕ್ಕಿಂತ ಜಾಸ್ತಿ ಹೊತ್ತು ಕಂಪ್ಯೂಟರ್ ಮುಂದೆ ಕೂತು ಅವನ್ನು ತಿದ್ದುತ್ತಿರುತ್ತೇನೆ. ಈ ಕೆಲಸದಲ್ಲಿ ಕತ್ತಲು-ಬೆಳಕು, ಬಣ್ಣ, ಫೋಕಸ್ ಎಲ್ಲದರಲ್ಲೂ ಎಡವಿದ್ದೇನೆ. ಆದರೆ ನನಗೆ ಚೆನ್ನಾಗಿ ಬುದ್ಧಿ ಕಲಿಸಿದ ತಪ್ಪು ಒಂದೇ ಒಂದು ಕ್ಲಿಕ್‌ನಲ್ಲಿ ಆಗಿಹೋದದ್ದು.

ಒಂದು ಮನೆಯವರು ತಮ್ಮ ಎರಡು ನಾಯಿಗಳ ಫೋಟೊ ಕೇಳಿದ್ದರು. ಒಂದು ಕಪ್ಪು ನಾಯಿ, ಉದ್ದ ಮೂತಿಯದು. ಇನ್ನೊಂದು ಬಿಳಿ ಮೈಮೇಲೆ ಕಂದು ಮಚ್ಚೆ ಇದ್ದದ್ದು. ಅದರ ಒಂದು ಕಿವಿ ನೆಟ್ಟಗೆ ನಿಲ್ಲುತ್ತಿತ್ತು, ಇನ್ನೊಂದು ಅರ್ಧಕ್ಕೆ ಮಡಚಿಕೊಂಡಿತ್ತು. ಎರಡಕ್ಕೂ ಬೇರೆ ಬೇರೆ ಫ್ರೇಮ್, ಗೋಡೆಯ ಮೇಲೆ ಅಕ್ಕಪಕ್ಕ ಹಾಕಬೇಕು ಎಂದಿದ್ದರು.

ನನ್ನ ತಲೆಯೆಲ್ಲ ಕಪ್ಪು ನಾಯಿಯ ಮೇಲೇ ಇತ್ತು. ಕಪ್ಪು ನಾಯಿ ಎಂದರೆ ಕ್ಯಾಮೆರಾಗೆ ಗೊಂದಲ. ಎದುರಿಗಿರುವುದೆಲ್ಲ ಒಂದು ನಡುವಣ ಬೂದು ಬಣ್ಣ ಎಂದುಕೊಂಡು ಅದು ಬೆಳಕನ್ನು ಅಳೆಯುತ್ತದೆ. ಫ್ರೇಮ್ ತುಂಬ ಕಪ್ಪೇ ಇದ್ದರೆ, ಬೆಳಕು ಸಾಲದು ಎಂದು ತಾನೇ ಏರಿಸಿಬಿಡುತ್ತದೆ. ಆಗ ಕಪ್ಪು ನಾಯಿ ಬೂದಿ ಬಳಿದುಕೊಂಡ ಹಾಗೆ ಬರುತ್ತದೆ. ಅದಕ್ಕೇ ಎಕ್ಸ್‌ಪೋಷರನ್ನು, ಅಂದರೆ ಫೋಟೊಗೆ ಸಿಗುವ ಬೆಳಕನ್ನು, ಮುಕ್ಕಾಲು ಸ್ಟಾಪ್‌ನಿಂದ ಒಂದು ಸ್ಟಾಪ್‌ವರೆಗೆ ನಾನೇ ಇಳಿಸುತ್ತೇನೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ). ಬಿಳಿ ನಾಯಿಗೆ ಇದರ ಉಲ್ಟಾ. ಇನ್ನು ಮೂತಿ. ಹಿಂದೆ ಲೆನ್ಸಿನ ಕಂಡಿ ಅಗಲವಾಗಿ ತೆರೆದು, ಎಫ್/1.8ನಲ್ಲೇ ತೆಗೆಯುವ ಚಟ ಇತ್ತು. ಹಿನ್ನೆಲೆ ಬೆಣ್ಣೆಯ ಹಾಗೆ ಕರಗುತ್ತದಲ್ಲ, ಅದಕ್ಕೆ. ಆದರೆ ಉದ್ದ ಮೂತಿಯ ನಾಯಿಯನ್ನು ಹತ್ತಿರದಿಂದ ಹಾಗೆ ತೆಗೆದರೆ ಕಣ್ಣು ಚುರುಕು, ಮೂಗು ಮಸುಕು. ಮೂಗು ಮಸುಕಾದ ನಾಯಿ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಈಗ ಕಂಡಿ ಕಿರಿದು ಮಾಡಿ ಎಫ್/4 ಅಥವಾ ಎಫ್/5.6 ಇಟ್ಟು, ಕ್ಯಾಮೆರಾಗೆ ಹತ್ತಿರದ ಕಣ್ಣಿನ ಮೇಲೆ ಫೋಕಸ್ ಮಾಡುತ್ತೇನೆ.

ಮಚ್ಚೆಯ ನಾಯಿಯದು ಸಲೀಸು ಎಂದುಕೊಂಡಿದ್ದೆ. ಹತ್ತೇ ನಿಮಿಷದಲ್ಲಿ ಮುಗಿಸಿದೆ. ನೆಲದ ಮೇಲೆ ಅಂಗಾತವೊಂದು ಬಿಟ್ಟು ಎಲ್ಲ ಭಂಗಿಯಲ್ಲೂ ಮಲಗಿ, ಅದರ ಕಣ್ಣಿನ ಮಟ್ಟದಲ್ಲೇ ತೆಗೆದೆ. ಯಜಮಾನರು ನೀಲಿ ಚೆಂಡು ಹಿಡಿದು ನಿಂತಿದ್ದರು. ನೀಲಿಯೇ ಯಾಕೆಂದರೆ ನಾಯಿಗಳಿಗೆ ನೀಲಿ, ಹಳದಿ ಚೆನ್ನಾಗಿ ಬೇರೆಯಾಗಿ ಕಾಣುತ್ತವೆ. ಕೆಂಪು, ಹಸಿರು ಹೆಚ್ಚುಕಡಿಮೆ ಒಂದೇ ಥರ. ಹುಲ್ಲಿನ ಮುಂದೆ ಕೆಂಪು ಚೆಂಡು ಆಡಿಸಿದರೆ ನಮಗೆ ಎದ್ದು ಕಾಣುತ್ತದೆ, ಪಾಪ ನಾಯಿಗೆ ಕಾಣಬೇಕಲ್ಲ.

ಮನೆಗೆ ಬಂದು ಫೈಲ್ ತೆರೆದಾಗ ಗೊತ್ತಾಯಿತು. ಎರಡೂ ನಾಯಿಗಳು ಎಡಕ್ಕೇ ನೋಡುತ್ತಿವೆ. ಎರಡು ಸಲವೂ ಯಜಮಾನರು ನನ್ನ ಎಡಕ್ಕೇ ನಿಂತಿದ್ದರು. ಎರಡನೇ ನಾಯಿಗೆ ಅವರನ್ನು ಬಲಕ್ಕೆ ಕಳಿಸಬೇಕಿತ್ತು. ನನಗೆ ಹೊಳೆಯಲೇ ಇಲ್ಲ.

ಜೋಡಿ ಫ್ರೇಮ್ ಎಂದರೆ ಎರಡು ಮುಖವೂ ಒಳಮುಖವಾಗಿ, ಒಂದನ್ನೊಂದು ನೋಡುವ ಹಾಗಿರಬೇಕು ಎನ್ನುವುದು ನನ್ನ ಲೆಕ್ಕ. ಮಚ್ಚೆಯ ನಾಯಿಯ ಫೋಟೊವನ್ನು ಅಡ್ಡಕ್ಕೆ ಫ್ಲಿಪ್ ಮಾಡಿದೆ, ಅಂದರೆ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು ಮಾಡಿದೆ. ಆಹಾ, ಎಂಥ ಜೋಡಿ! ಕತ್ತಿನ ಬೆಲ್ಟಿನ ಬಿಲ್ಲೆಯ ಮೇಲೆ ಅದರ ಹೆಸರಿತ್ತು, ಅಕ್ಷರ ಉಲ್ಟಾ ಆಗಿತ್ತು. ಹೀಲಿಂಗ್ ಬ್ರಶ್ ತೆಗೆದುಕೊಂಡು ಅಕ್ಷರಗಳನ್ನೂ ಅಳಿಸಿದೆ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಫೋಟೊ ಸುಳ್ಳು ಹೇಳುತ್ತಿದೆ ಎಂದು ಬಿಲ್ಲೆ ಕೂಗಿ ಹೇಳಿತ್ತು. ನಾನು ಬಿಲ್ಲೆಯ ಬಾಯಿ ಮುಚ್ಚಿಸಿದೆ.

ಪ್ರಿಂಟ್ ತೋರಿಸಿದಾಗ ಮನೆಯ ಅಮ್ಮ ಕರಿಯನ ಫೋಟೊ ನೋಡಿ ನಕ್ಕರು. ಮಚ್ಚೆಯದನ್ನು ನೋಡಿ ಸುಮ್ಮನಾದರು. "ಚೆನ್ನಾಗಿದೆ, ಆದ್ರೆ ಏನೋ ಒಂಥರಾ ಇದೆ ಅಲ್ವಾ" ಅಂದರು. ಏನು ಎಂದು ಅವರಿಗೂ ಹೇಳಲಾಗಲಿಲ್ಲ. ಬಣ್ಣ ಇರಬೇಕು ಎಂದುಕೊಂಡೆ. ಹುಲ್ಲಿನ ಮೇಲೆ ಕೂತ ಬಿಳಿ ನಾಯಿಯ ಎದೆಗೆ, ಗದ್ದದ ಕೆಳಗೆ ಹಸಿರು ಹೊಡೆಯುತ್ತದೆ. ಹುಲ್ಲಿನಿಂದ ಮೇಲಕ್ಕೆ ಚಿಮ್ಮುವ ಬೆಳಕು ಅದು. ಒಂದು ಇಡೀ ಸಂಜೆ ಕೂತು ಆ ಹಸಿರನ್ನು, ಅಷ್ಟು ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ, ತೆಗೆದೆ. ಕೂದಲು ಹೆಚ್ಚು ಗೆರೆಗೆರೆಯಾಗಿದೆಯೇನೋ ಎಂದು, ಗೆರೆಗಳನ್ನು ಎದ್ದು ಕಾಣಿಸುವ ಕ್ಲಾರಿಟಿಯನ್ನು ಇಳಿಸಿದೆ. (ಕ್ಲಾರಿಟಿ ಜಾಸ್ತಿಯಾದರೆ ನಾಯಿಯ ಮೈ ಪಾತ್ರೆ ತಿಕ್ಕುವ ಕಬ್ಬಿಣದ ನಾರಿನ ಹಾಗೆ ಕಾಣುತ್ತದೆ. ನಾಯ್ಸ್, ಅಂದರೆ ಫೋಟೊದಲ್ಲಿನ ಕಾಳುಕಾಳು, ತೆಗೆಯುವುದು ಜಾಸ್ತಿಯಾದರೆ ಪ್ಲಾಸ್ಟಿಕ್ ಗೊಂಬೆ. ಶಾರ್ಪನಿಂಗ್ ಕಣ್ಣಿಗೆ, ಮೂಗಿಗೆ ಸಾಕು.) ಹೊಸ ಪ್ರಿಂಟ್ ಹಿಡಿದು ಮತ್ತೆ ಹೋದೆ.

ಅಮ್ಮ ಪ್ರಿಂಟನ್ನು ಮೇಜಿನ ಮೇಲಿಟ್ಟು, ಮಡಚಿದ ಕಿವಿಯನ್ನು ನೇವರಿಸುವವರ ಹಾಗೆ ಕೈ ಚಾಚಿದರು. ಕೈ ತಾನಾಗಿ ಫೋಟೊದ ಬಲಗಡೆಗೆ ಹೋಯಿತು. ಅಲ್ಲಿದ್ದದ್ದು ನೆಟ್ಟಗಿನ ಕಿವಿ. ಕೈ ಅಲ್ಲೇ ನಿಂತಿತು.

"ಇವನ ಎಡಗಿವಿ ಅಲ್ವಾ ಮಡಚಿರೋದು? ಇಲ್ಲಿ ಯಾಕೆ ಆ ಕಡೆ ಹೋಗಿದೆ?"

ಏನು ಹೇಳಲಿ? ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ಸಮಾಧಾನವೇ ಆಯಿತು. ಏನು ಸರಿಯಿಲ್ಲ ಎಂದು ಗೊತ್ತಾಯಿತಲ್ಲ.

ಮನುಷ್ಯರ ಫೋಟೊ ಫ್ಲಿಪ್ ಮಾಡಿದರೆ ಆ ಮನುಷ್ಯರಿಗೆ ಕೆಲವು ಸಲ ಅದೇ ಇಷ್ಟವಾಗುವುದುಂಟು. ನಮ್ಮ ಮುಖವನ್ನು ನಾವು ನೋಡುವುದು ಕನ್ನಡಿಯಲ್ಲೇ ಜಾಸ್ತಿ. ನಾಯಿಗೆ ತನ್ನ ಫೋಟೊ ಬೇಕಿಲ್ಲ. ಅದನ್ನು ನೋಡುವವರು ಆ ಮುಖವನ್ನು ದಿನಾ ಎದುರಿನಿಂದ ನೋಡಿದವರು, ಕೈಯಿಂದ ಸವರಿದವರು. ಯಾವ ಕಿವಿ, ಯಾವ ಕಣ್ಣಿನ ಸುತ್ತ ಮಚ್ಚೆ ಎನ್ನುವುದನ್ನು ಅವರ ತಲೆ ಮರೆತರೂ ಕೈ ಮರೆಯುವುದಿಲ್ಲ.

ಅಂದಿನಿಂದ ತಿದ್ದಲು ಕೂರುವ ಮುಂಚೆ ಮನೆಯವರ ಜೊತೆ ಐದು ನಿಮಿಷ ಮಾತಾಡುತ್ತೇನೆ. ಕಣ್ಣಿನ ಪಿಸುರು, ಜೊಲ್ಲು, ಮೂಗಿಗೆ ಅಂಟಿದ ಹುಲ್ಲು ಇವೆಲ್ಲ ಆ ದಿನದ್ದು, ಕೇಳದೆ ತೆಗೆಯುತ್ತೇನೆ. ಕಿವಿಯ ತುದಿ ಹರಿದಿದ್ದರೆ, ಮೂಗಿನ ಮೇಲೆ ಹಳೆಯ ಗಾಯದ ಗುರುತಿದ್ದರೆ, ಮೂತಿ ನರೆತಿದ್ದರೆ ಕೇಳುತ್ತೇನೆ. ತೆಗೆಯಿರಿ ಎಂದವರು ಕಡಿಮೆ. ಮೀಸೆಯನ್ನಂತೂ ಯಾರು ಹೇಳಿದರೂ ಮುಟ್ಟುವುದಿಲ್ಲ. ಹಿನ್ನೆಲೆ ಬದಲಿಸುವಾಗ ಅವಸರದಲ್ಲಿ ಮೀಸೆ ಕತ್ತರಿಸಿಹೋಗುವುದು ಸುಲಭ, ಮತ್ತೆ ಬರೆಯುವುದು ಕಷ್ಟ. ಲೀಶನ್ನು, ಅಂದರೆ ನಾಯಿಗೆ ಕಟ್ಟಿದ ಹಗ್ಗವನ್ನು, ಬಿಚ್ಚಿಸುವುದಿಲ್ಲ, ಬಯಲಲ್ಲಿ ಅದು ಅಪಾಯ. ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ, ನಾಯಿ ಎದ್ದು ಹೋದ ಮೇಲೆ ಅದೇ ಜಾಗದ್ದು ಖಾಲಿ ಫೋಟೊ ಒಂದು ತೆಗೆದಿಟ್ಟುಕೊಳ್ಳುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ಆ ಖಾಲಿ ಫೋಟೊವನ್ನು ನಾಯಿಯ ಫೋಟೊದ ಕೆಳಗಿಟ್ಟು ಮೇಲಿನದರಲ್ಲಿ ಲೀಶ್ ಅಳಿಸಿದರೆ ಆಯಿತು. ಆದರೆ ಕತ್ತಿನ ಕೂದಲ ಹತ್ತಿರ ಬಂದಾಗ ಕೂದಲು ಹೋಗುವ ದಿಕ್ಕಿನಲ್ಲೇ ಕ್ಲೋನ್ ಮಾಡಬೇಕು (ಪಕ್ಕದ ಕೂದಲಿನ ನಕಲು ತಂದು ಹಾಕಬೇಕು), ಇಲ್ಲದಿದ್ದರೆ ಅಲ್ಲೊಂದು ತೇಪೆ ಹಾಕಿದ ಹಾಗೆ ಕಾಣುತ್ತದೆ.

ತೆಗೆಯುವಾಗ ಸುತ್ತ ಜಾಗ ಬಿಡುವುದನ್ನೂ ಕಲಿತೆ. ನನ್ನ ಕ್ಯಾಮೆರಾ ಕೊಡುವುದು 6000×4000 ಪಿಕ್ಸೆಲ್. ಮನೆಯವರು ಕೇಳುವುದು 8×10 ಇಂಚಿನ ಪ್ರಿಂಟ್. ಆ ಅಳತೆಗೆ ಕ್ರಾಪ್ ಮಾಡಿದರೆ ಉದ್ದದಲ್ಲಿ 1000 ಪಿಕ್ಸೆಲ್ ಹೋಗುತ್ತದೆ. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆಯ, ಪ್ರಿಂಟಿಗೆ 2400×3000 ಸಾಕು, ಹಾಗಾಗಿ ಚುರುಕುತನಕ್ಕೆ ಕೊರತೆಯಿಲ್ಲ. ಆದರೆ ಆ ಸಾವಿರದಲ್ಲಿ ಕಿವಿಯ ತುದಿಯೋ ಪಂಜವೋ ಇದ್ದರೆ ಏನು ಮಾಡುತ್ತೀರಿ? ಕೆಳಗೆ ಕತ್ತರಿಸಲೇಬೇಕಾದರೆ ಎದೆಯ ಮಟ್ಟದಲ್ಲಿ ಕತ್ತರಿಸುತ್ತೇನೆ, ಪಂಜದ ಗೆಣ್ಣಿನ ಹತ್ತಿರ ಎಂದೂ ಇಲ್ಲ.

ಮಚ್ಚೆಯ ನಾಯಿಯ ಕಥೆಗೆ ಬರುತ್ತೇನೆ. ರಾ ಫೈಲಿನಿಂದ, ಅಂದರೆ ಕ್ಯಾಮೆರಾ ಕೊಟ್ಟ ಮೂಲ ಫೈಲಿನಿಂದ, ಮತ್ತೆ ಶುರು ಮಾಡಿದೆ. ಫ್ಲಿಪ್ ಇಲ್ಲ, ಬಿಲ್ಲೆಯ ಮೇಲೆ ಹೆಸರು ಇದ್ದ ಹಾಗೇ ಇತ್ತು. ನೋಡುತ್ತಿದ್ದ ಕಡೆಗೆ, ಅಂದರೆ ಎಡಕ್ಕೆ, ಸ್ವಲ್ಪ ಜಾಸ್ತಿ ಜಾಗ ಬಿಟ್ಟು ಕ್ರಾಪ್ ಮಾಡಿದೆ. ಪ್ರಿಂಟಿನ ಖರ್ಚು ನನ್ನದೇ. ಕೊಡುವಾಗ, "ಎರಡೂ ಒಂದೇ ಕಡೆ ನೋಡ್ತಿವೆ ಅಮ್ಮಾ, ಜೋಡಿ ಅನ್ನಿಸಲ್ಲ. ಬೇಕಾದ್ರೆ ಇನ್ನೊಂದು ದಿನ ಬಂದು ಹೊಸದಾಗಿ ತೆಗೀತೀನಿ" ಅಂದೆ.

"ಬೇಡಪ್ಪ" ಅಂದರು ಅವರು. "ಇಬ್ರೂ ದಿನಾ ಸಂಜೆ ಹೀಗೇ ಬಾಗಿಲ ಕಡೆ ನೋಡ್ತಾ ಕೂತಿರ್ತಾರೆ."

ಫ್ರೇಮ್ ಹಾಕಿದ ಗೋಡೆಯ ಎಡಕ್ಕೇ ಬಾಗಿಲಿತ್ತು.