ಅಕ್ಷರ ಕಲಿಯಬಾರದು ಎಂದಿದ್ದವರ ಊಟದ ಮನೆ

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ, ರಿಪನ್ ಊರಿನ ಹತ್ತಿರ ಫೌಂಟನ್ಸ್ ಎಂಬ ಪಾಳುಬಿದ್ದ ಮಠವಿದೆ. ಊರಿಂದ ಬಂದಿದ್ದ ಅಪ್ಪನನ್ನು ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಗಾರೆ ಮೇಸ್ತ್ರಿ. ಜನರೆಲ್ಲ ಚರ್ಚಿನ ಎತ್ತರದ ಗೋಪುರದ ಎದುರು ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ಅವರು ಸೀದಾ ಪಡುವಣ ದಿಕ್ಕಿನ ಉಗ್ರಾಣದೊಳಗೆ ನಡೆದರು.

ಸುಮಾರು 300 ಅಡಿ ಉದ್ದದ ಕಮಾನು ಮಾಡಿನ ಕೋಣೆ ಅದು. ನಡುವೆ ಒಂದೇ ಸಾಲು ಕಂಬ. ಪ್ರತಿ ಕಂಬದಿಂದ ಕಲ್ಲಿನ ಏಣುಗಳು ಕವಲೊಡೆದು ಮೇಲೆ ಹರಡುತ್ತವೆ. ಅಪ್ಪ ಒಂದು ಕಂಬದ ಸಂದಿಗೆ ಉಗುರು ತೂರಿಸಲು ನೋಡಿದರು, ಆಗಲಿಲ್ಲ. "ಸ್ವಾಮಿಗಳು ಇಲ್ಲೇ ಇದ್ದರೇನೋ?" ಎಂದು ಕೇಳಿದರು.

ಇಲ್ಲ, ಇಲ್ಲಿದ್ದವರು ಬೇರೆ. 1098ರಲ್ಲಿ ಫ್ರಾನ್ಸಿನ ಸೀತೋದಲ್ಲಿ ಹುಟ್ಟಿದ ಸಿಸ್ಟರ್ಸಿಯನ್ ಪಂಥ, ಸಂತ ಬೆನೆಡಿಕ್ಟರ ನಿಯಮವನ್ನು ಚಾಚೂ ತಪ್ಪದೆ ಪಾಲಿಸಲು ಹೊರಟಿತ್ತು. ಬಣ್ಣ ಹಾಕದ ಉಣ್ಣೆಯ ಬಟ್ಟೆ, ಸಪ್ಪೆ ಊಟ, ಸ್ವಂತ ದುಡಿಮೆ. ಯಾರ್ಕ್ ನಗರದ ಮಠದ ಸುಖಜೀವನಕ್ಕೆ ಬೇಸತ್ತ 13 ಸನ್ಯಾಸಿಗಳು 1132ರ ಚಳಿಗಾಲದಲ್ಲಿ ಈ ಕಣಿವೆಗೆ ಬಂದು, ಕೆಲವೇ ವರ್ಷಗಳಲ್ಲಿ ಆ ಪಂಥ ಸೇರಿದರು. ಮೊದಲ ವರ್ಷಗಳ ಬರಗಾಲದಲ್ಲಿ ಎಲ್ಮ್ ಮರದ ಎಲೆ ಬೇಯಿಸಿ ತಿಂದರೆಂದು ಮಠದ ಹಳೆಯ ವೃತ್ತಾಂತ ಹೇಳುತ್ತದೆ.

ಆದರೆ ನಡುರಾತ್ರಿಯಿಂದಲೇ ಶುರುವಾಗುವ ಪ್ರಾರ್ಥನೆಗಳ ನಡುವೆ ದೂರದ ಹೊಲ, ಕುರಿಹಟ್ಟಿ ನೋಡಿಕೊಳ್ಳುವುದು ಹೇಗೆ? ಅದಕ್ಕೆಂದೇ ಇನ್ನೊಂದು ವರ್ಗವನ್ನು ಸೇರಿಸಿಕೊಂಡರು: ಗಡ್ಡ ಬಿಟ್ಟ ಶ್ರಮಿಕ ಸಹೋದರರು. ಇವರೂ ವ್ರತ ತೊಟ್ಟವರೇ. ಆದರೆ ಪುಸ್ತಕ ಇಟ್ಟುಕೊಳ್ಳುವಂತಿಲ್ಲ. ಬಾಯಿಪಾಠದ ಕೆಲವು ಪ್ರಾರ್ಥನೆ ಬಿಟ್ಟು ಬೇರೇನೂ ಕಲಿಯುವಂತಿಲ್ಲ. ಎಷ್ಟು ವರ್ಷ ದುಡಿದರೂ ಸನ್ಯಾಸಿಯಾಗುವಂತಿಲ್ಲ. ಚರ್ಚಿನಲ್ಲೂ ಅವರ ಜಾಗ ಪಶ್ಚಿಮದ ತುದಿಗೆ, ಅಡ್ಡಗೋಡೆಯ ಆಚೆ. ನಾವು ನಿಂತಿದ್ದ ಆ ಕಟ್ಟಡದಲ್ಲಿ ಒಂದು ಭಾಗ ಅವರ ಊಟದ ಮನೆ, ಮೇಲಂತಸ್ತು ಅವರು ಮಲಗುವ ಜಾಗ.

ನಾನು ಇದನ್ನೆಲ್ಲ ಹೇಳಿದಾಗ ಅಪ್ಪನ ಮುಖ ಗಂಭೀರವಾಯಿತು. ಅವರು ಓದಿದ್ದು ನಾಲ್ಕನೇ ಕ್ಲಾಸು. "ಕಲಿಯೋಕೆ ಆಗದೇ ಇರೋದು ಬೇರೆ, ಕಲೀಬೇಡ ಅನ್ನೋದು ಬೇರೆ ಕಣೋ" ಎಂದರು. ನನಗೂ ಸಂಕಟವಾಯಿತು. ದುಡಿಮೆಯೇ ಪ್ರಾರ್ಥನೆ ಎಂದು ನಂಬಿದ ಜನ, ದುಡಿಯುವವನಿಗೆ ಅಕ್ಷರ ಬೇಡವೆಂದು ಬರೆದಿಟ್ಟರಲ್ಲ! ಆ ಕಾಲದ ಬಡ ರೈತನಿಗೆ ಇಲ್ಲಿ ಹೊತ್ತು ಹೊತ್ತಿಗೆ ರೊಟ್ಟಿ, ಕಾಯಿಲೆಗೆ ಆರೈಕೆ, ಸತ್ತರೆ ಪ್ರಾರ್ಥನೆ ಸಿಗುತ್ತಿತ್ತು ಎಂಬುದೂ ನಿಜ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಈ ಮಠವನ್ನು ಶ್ರೀಮಂತ ಮಾಡಿದ್ದು ಉಣ್ಣೆ. ಅದನ್ನು ಕೊಳ್ಳಲು ಇಟಲಿಯ ವರ್ತಕರು ಬರುತ್ತಿದ್ದರು, ಮುಂಗಡವನ್ನೂ ಕೊಡುತ್ತಿದ್ದರು. ಆ ಕುರಿ ಕಾದದ್ದರಲ್ಲಿ ಈ ಸಹೋದರರ ಪಾಲು ದೊಡ್ಡದು. 1348ರ ಪ್ಲೇಗಿನ ಹೊತ್ತಿಗಾಗಲೇ ಅವರ ಸಂಖ್ಯೆ ಇಳಿಯುತ್ತಿತ್ತು. ಆಮೇಲೆ ಹೊಲಗಳನ್ನು ಗೇಣಿಗೆ ಕೊಡುವುದೇ ರೂಢಿಯಾಯಿತು. 1539ರಲ್ಲಿ ಎಂಟನೇ ಹೆನ್ರಿ ಮಠವನ್ನು ಮುಚ್ಚಿಸಿದಾಗ ಸನ್ಯಾಸಿಗಳಿಗೆ ಪಿಂಚಣಿ ಸಿಕ್ಕಿತು, ಚಾವಣಿಯ ಸೀಸವನ್ನು ಕಿತ್ತೊಯ್ದರು.

ಹೊರಡುವ ಮುಂಚೆ ಮಠದ ಹಿಟ್ಟಿನ ಗಿರಣಿ ನೋಡಿದೆವು. 12ನೇ ಶತಮಾನದ್ದು. ಮಠ ಮುಚ್ಚಿದ ಮೇಲೂ 1927ರವರೆಗೆ ಅಲ್ಲಿ ಕಾಳು ಬೀಸುತ್ತಿದ್ದರಂತೆ. ಅಪ್ಪ ಅಲ್ಲಿ ಒಂದು ಗಂಟೆ ಕಳೆದರು.